ಕಾಕಾ ತಂದ ನೈಜೀರಿಯಾ ಕ್ಯಾಸೆಟ್‌ಗಳು: ಈ ಹಳೇ ಆಫ್ರಿಕನ್ ಸಿಂಥ್ ಹಾಡುಗಳ ಬಗ್ಗೆ ಗೊತ್ತಿದ್ದವರು ಹೇಳಿ

ಸೌಂಡ್‌ಸರ್ವಿಸ್_ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಶಹಾಬಜಾರ್ ಕಡೆ ನಮ್ಮದು ಸೌಂಡ್ ಸರ್ವಿಸ್. ಮದುವೆ, ಜಾತ್ರೆ, ಗಣಪತಿ, ಎಲ್ಲಕ್ಕೂ ಬಾಕ್ಸ್ ಕಳಿಸುತ್ತೇವೆ. ನಾನು ಸಂಗೀತ ತಿಳಿದವನಲ್ಲ. ಯಾವ ಹಾಡಿಗೆ ಜನ ಕುಣಿಯುತ್ತಾರೆ, ಯಾವುದಕ್ಕೆ ಊಟದ ಕಡೆ ಎದ್ದು ಹೋಗುತ್ತಾರೆ ಅನ್ನೋದು ಮಾತ್ರ ಗೊತ್ತು.

ನಮ್ಮ ಕಾಕಾ 80ರ ದಶಕದಲ್ಲಿ ನೈಜೀರಿಯಾದ ಎನುಗು ಅನ್ನೋ ಊರಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಆಗ ನಮ್ಮ ದೇಶದಿಂದ ಬಹಳ ಮೇಷ್ಟ್ರುಗಳು ನೈಜೀರಿಯಾ, ಇಥಿಯೋಪಿಯಾ ಅಂತ ಹೋಗುತ್ತಿದ್ದರು. ಅಲ್ಲಿಯ ದುಡ್ಡು ನೈರಾ ಬೆಲೆ ಬಿದ್ದಮೇಲೆ ಕಾಕಾ ವಾಪಸ್ ಬಂದರು. ಮೊನ್ನೆ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಅವರ ಟ್ರಂಕ್ ಇಳಿಸಿದೆವು. ತಳದಲ್ಲಿ ಒಂದು ಬಿಸ್ಕತ್ ಡಬ್ಬಿ ತುಂಬ ಕ್ಯಾಸೆಟ್. ಕೆಲವಕ್ಕೆ ಹೆಸರೇ ಇಲ್ಲ. ಕೆಲವದರ ಮೇಲೆ ಕಾಕಾನ ಅಕ್ಷರದಲ್ಲಿ "ಡಿಸ್ಕೊ, ಎನುಗು" ಅಂತ ಮಾತ್ರ ಇದೆ.

ಅಂಗಡಿಯ ಹಳೇ ಡೆಕ್‌ಗೆ ಒಂದು ಹಾಕಿದೆ. ಡ್ರಮ್ಮು ಒಂದೇ ಸಮ. ಅದರ ಮೇಲೆ ಕೀಬೋರ್ಡ್, ಹಿಂದೆ ಹೆಂಗಸರ ಕೋರಸ್. ನಡುವೆ ಒಬ್ಬ ಗಂಡಸು ಅವಸರವೇ ಇಲ್ಲದೆ, ಅರ್ಧ ಹಾಡು ಅರ್ಧ ಮಾತು ಅನ್ನೋ ಥರ ಹೇಳುತ್ತಾ ಹೋಗುತ್ತಾನೆ. ಐದು ನಿಮಿಷ ಆದರೂ ಅದೇ ತಾಳ. ಬೋರ್ ಆಗಬೇಕಿತ್ತು, ಆಗಲಿಲ್ಲ. ವೈರ್ ಸುತ್ತುತ್ತಿದ್ದ ನಮ್ಮ ಹುಡುಗರು ಕೈ ಬಿಟ್ಟು ನಿಂತರು. ಫೋನಿನ ಆ್ಯಪ್‌ಗೆ ಕೇಳಿಸಿದರೆ ವಿಲಿಯಂ ಒನ್ಯೆಯಬೋರ್, "ಫೆಂಟಾಸ್ಟಿಕ್ ಮ್ಯಾನ್", 1979 ಅಂತ ಬಂತು. ಕಾಕಾನಿಗೆ ಹೇಳಿದರೆ, "ಅವರಾ? ಅದೇ ಊರಿನವರು. ನನ್ನ ಸ್ಟೂಡೆಂಟ್ ಒಬ್ಬ ರೆಕಾರ್ಡ್ ಮಾಡಿ ಕೊಟ್ಟಿದ್ದ" ಅಂದು ಮತ್ತೆ ಪೇಪರ್ ಓದಲು ಶುರು ಮಾಡಿದರು. ಅಷ್ಟೇ!

ಇನ್ನೊಂದು ಕ್ಯಾಸೆಟ್‌ನ ಬಿ ಸೈಡ್‌ನಲ್ಲಿ ಕಾಕಾನೇ ಮಾತಾಡಿದ್ದಾರೆ. ಆಗ ಪತ್ರದ ಬದಲು ಹೀಗೆ ಮಾತಾಡಿ ಕಳಿಸುತ್ತಿದ್ದರಂತೆ. ಅಜ್ಜಿಗೆ ಹೇಳುತ್ತಿದ್ದಾರೆ: ಇಲ್ಲಿ ಜೋಳದ ರೊಟ್ಟಿ ಇಲ್ಲ, ಮರಗೆಣಸಿನಿಂದ ಮಾಡಿದ ಗರಿ ಅಂತ ಏನೋ ತಿನ್ನುತ್ತೇನೆ, ಹೊಟ್ಟೆ ತುಂಬುತ್ತದೆ, ಚಿಂತೆ ಮಾಡಬೇಡ. ಹಿಂದೆ ಯಾರದೋ ಮನೆಯಿಂದ ಹಾಡು ಕೇಳಿಸುತ್ತದೆ. ನಾಲ್ಕು ಮಾತಾಗುವಷ್ಟರಲ್ಲಿ ಸದ್ದು ಮಂಕಾಗಿ ಹೋಗುತ್ತದೆ. ಕ್ಯಾಸೆಟ್ ಅಲ್ಲಾಡಿಸಿದರೆ ಒಳಗೆ ಏನೋ ಸಣ್ಣದು ಉರುಳುತ್ತದೆ.

ಈಗ ನನ್ನ ಪ್ರಶ್ನೆ. ಈ ಕ್ಯಾಸೆಟ್ ಉಳಿಸಿಕೊಳ್ಳೋದು ಹೇಗೆ? ಈ ಥರದ ಹಾಡು ಇನ್ನೂ ಯಾರ್ಯಾರದು ಕೇಳಬೇಕು? ಮತ್ತೆ, ನಗಬೇಡಿ, ಇದನ್ನು ನಮ್ಮ ಮದುವೆಗಳಲ್ಲಿ ಹಾಕಿದರೆ ನಡೆಯುತ್ತದಾ?

ಆಳಂದ_ನಾಕಾ:

ಅಣ್ಣಾ, ಬಾರಾತ್‌ಗೆ ಮಾತ್ರ ಹಾಕಬೇಡಿ. ಒಂದೊಂದು ಹಾಡು ಎಂಟು ಹತ್ತು ನಿಮಿಷ. ಹಾಡು ಮುಗಿಯುವಷ್ಟರಲ್ಲಿ ಮದುಮಗ ಕುದುರೆ ಇಳಿದು ಊಟ ಮಾಡಿರುತ್ತಾನೆ. ರಿಸೆಪ್ಷನ್‌ನಲ್ಲಿ ಫೋಟೊ ತೆಗೆಸಲು ಜನ ಸಾಲು ನಿಂತಿರುತ್ತಾರಲ್ಲ, ಆಗ ಟ್ರೈ ಮಾಡಿ. ಅಲ್ಲಿ ಉದ್ದ ಹಾಡೇ ಬೇಕು.

ಟೇಪ್‌ಮಾಮಾ_ಬೀದರ್:

ತಮ್ಮಾ, ಮೊದಲು ಆ ಡೆಕ್‌ನಿಂದ ಕ್ಯಾಸೆಟ್ ತೆಗೆ. ಹಾಡಿನ ಮಾತು ಆಮೇಲೆ.

ಉಸ್ಮಾನ್‌ಗಂಜ್ ಹತ್ತಿರ ನಂದು ರೆಕಾರ್ಡಿಂಗ್ ಅಂಗಡಿ ಇತ್ತು. ಜನ ಹಾಡಿನ ಪಟ್ಟಿ ಬರೆದು ತರುತ್ತಿದ್ದರು, ಸಂಜೆಗೆ ತುಂಬಿಸಿ ಕೊಡುತ್ತಿದ್ದೆ. ಆಮೇಲೆ ಸಿಡಿ ಬಂತು, ಪೆನ್‌ಡ್ರೈವ್ ಬಂತು, ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಕೆಲಸ ಮಾತ್ರ ಮರೆತಿಲ್ಲ.

ಒಳಗೆ ಉರುಳುತ್ತಿರುವುದು ಪ್ಯಾಡ್. ಕ್ಯಾಸೆಟ್‌ನ ಬಾಯಿಯ ಮಧ್ಯದಲ್ಲಿ ಒಂದು ತೆಳ್ಳನೆ ಪಟ್ಟಿ ಇರುತ್ತದೆ, ಸ್ಪ್ರಿಂಗ್ ಥರ. ಅದರ ಮೇಲೆ ಸಣ್ಣ ಫೆಲ್ಟ್ ತುಂಡು ಅಂಟಿಸಿರುತ್ತಾರೆ. ಅದು ಟೇಪಿನ ಬೆನ್ನಿಗೆ ಒತ್ತಿಕೊಂಡು ಟೇಪನ್ನು ಹೆಡ್‌ಗೆ, ಅಂದರೆ ಡೆಕ್‌ನಲ್ಲಿ ಟೇಪ್ ಓದುವ ಭಾಗಕ್ಕೆ, ತಾಗಿಸುತ್ತದೆ. ಹಳೇ ಅಂಟು ಒಣಗಿದರೆ ಉದುರುತ್ತದೆ. ಆಗ ಸದ್ದು ಮಂಕು, ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಟೇಪಿನಲ್ಲಿ ದನಿ ಹಾಗೇ ಇದೆ, ಹೆದರಬೇಡ.

ಹೀಗೆ ಮಾಡು. ಐದು ಸ್ಕ್ರೂ ಇರುವ ಒಂದು ಖಾಲಿ ಕ್ಯಾಸೆಟ್ ಹುಡುಕು, ಪ್ಯಾಡ್ ಗಟ್ಟಿ ಇರೋದು. ಎರಡನ್ನೂ ಮೇಜಿನ ಮೇಲೆ ಅಡ್ಡ ಮಲಗಿಸಿ ಬಿಚ್ಚು. ನಿಲ್ಲಿಸಿ ಬಿಚ್ಚಿದರೆ ಎರಡೂ ಸುರುಳಿ ಜಾರಿ ನೆಲದ ತುಂಬ ಟೇಪಾಗುತ್ತದೆ, ಆಮೇಲೆ ನನಗೆ ಫೋನ್ ಮಾಡಿ ಅಳಬೇಡ. ಮೇಲಿನ ಭಾಗ ಎತ್ತು. ಸುರುಳಿ ಮೇಲೆ ಒಂದು ಜಾರು ಹಾಳೆ ಇರುತ್ತದೆ, ಅದನ್ನು ಮೆಲ್ಲಗೆ ತೆಗೆ. ಫ್ಯಾನ್ ಆರಿಸು. ಎರಡೂ ಸುರುಳಿ ಒಟ್ಟಿಗೆ ಹಿಡಿದು ಆ ಖಾಲಿ ಕ್ಯಾಸೆಟ್‌ನ ಪ್ಲಾಸ್ಟಿಕ್ ಶೆಲ್‌ಗೆ ಇಳಿಸು. ಟೇಪು ಎರಡೂ ಮೂಲೆಯ ರೋಲರ್ ಬಳಸಿ, ಪ್ಯಾಡ್‌ನ ಮುಂದಿನಿಂದ ಹಾದು ಹೋಗಬೇಕು. ತಿರುಚಿರಬಾರದು. ಕಾಫಿ ಕುಡಿದ ಕೈ, ಎಣ್ಣೆ ಕೈ ಬೇಡವೇ ಬೇಡ.

ಮುಚ್ಚಿದ ಮೇಲೆ ಈ ತುದಿಯಿಂದ ಆ ತುದಿಗೆ ಒಮ್ಮೆ ಓಡಿಸು, ವಾಪಸ್ ಸುತ್ತು. ವರ್ಷಗಟ್ಟಲೆ ಬಿಗಿದುಕೊಂಡ ಸುರುಳಿ ಸಡಿಲವಾಗುತ್ತದೆ. ಕ್ಯಾಸೆಟ್‌ನ ಬೆನ್ನಿನ ಎರಡೂ ತುದಿಯ ಪ್ಲಾಸ್ಟಿಕ್ ಕಿವಿ ಮುರಿದಿದೆಯಾ ನೋಡು. ಇಲ್ಲದಿದ್ದರೆ ಮುರಿ. ಯಾರೋ ಗೊತ್ತಿಲ್ಲದೆ ರೆಕಾರ್ಡ್ ಬಟನ್ ಒತ್ತಿದರೆ ನಿಮ್ಮ ಅಜ್ಜಿಗೆ ಹೇಳಿದ ಮಾತೆಲ್ಲ ಹೋಯಿತು.

ನಿನ್ನ ಡೆಕ್‌ನ ರಬ್ಬರ್ ಬೆಲ್ಟ್ ಕೂಡ ನೋಡಿಸು. ಕಲಬುರಗಿ ಬಿಸಿಲಿಗೆ ಹಳೇ ಬೆಲ್ಟ್ ಕರಗಿ ಡಾಂಬರಿನ ಹಾಗೆ ಆಗಿರುತ್ತದೆ. ಇನ್ನು ಹೆಡ್ ಪಕ್ಕ ಒಂದು ಚಿಕ್ಕ ಸ್ಕ್ರೂ ಇದೆ. ಎಲ್ಲಿತ್ತು ಅಂತ ಗುರುತು ಮಾಡಿಕೊಂಡು, ಹಾಡು ಓಡುತ್ತಿರುವಾಗ ಕೂದಲೆಳೆಯಷ್ಟು ತಿರುಗಿಸು. ತಾಳದ ಚಿಕ್ ಚಿಕ್ ಸದ್ದು ಎಲ್ಲಿ ತೀರ ಸ್ಪಷ್ಟವಾಗುತ್ತದೋ ಅಲ್ಲಿ ನಿಲ್ಲಿಸು. ಆ ಹುಡುಗ ಬೇರೆ ಮೆಷಿನ್‌ನಲ್ಲಿ ತುಂಬಿಸಿದ್ದು, ಅದರ ಹೆಡ್ ಕೋನ ಬೇರೆ ಇರುತ್ತದೆ. ಕಂಪ್ಯೂಟರ್‌ಗೆ 24 ಬಿಟ್ ವೇವ್ ಫೈಲ್ ಆಗಿ ಹಿಡಿ. ಎಂಪಿ3 ಆಮೇಲೆ ಮಾಡಿಕೋ. ಮತ್ತೆ ಆ ಸೊಂಯ್ ಸದ್ದು ತೆಗೆಯುವ ಸಾಫ್ಟ್‌ವೇರ್ ಮುಟ್ಟಬೇಡ. ಅದು ಸೊಂಯ್ ಜೊತೆ ಹಿಂದಿನ ಮನೆಯ ಹಾಡನ್ನೂ ಒರೆಸಿಬಿಡುತ್ತದೆ.

ಈಗ ಒನ್ಯೆಯಬೋರ್. ನಿಮ್ಮ ಕಾಕಾನ ಡಬ್ಬಿಯಲ್ಲಿ ಇರುವುದು ಸಣ್ಣ ಆಸಾಮಿಯ ಹಾಡಲ್ಲ. 1977ರಿಂದ 1985ರ ಒಳಗೆ ಎಂಟು ಎಲ್‌ಪಿ ತಂದವರು. ಎಲ್ಲವೂ ಅವರದೇ ಕಂಪನಿ ವಿಲ್‌ಫಿಲ್ಮ್ಸ್‌ನಿಂದ. ಸ್ಟುಡಿಯೊ ಅವರದೇ, ಸಿಂಥಸೈಜರ್‌ಗಳೂ ಅವರವೇ. ಸಿಂಥ್ ಅನ್ನೋದು ಇದಕ್ಕೇ, ಕರೆಂಟಿನಿಂದ ನಾನಾ ಸದ್ದು ಹುಟ್ಟಿಸುವ ಕೀಬೋರ್ಡ್. ಆ ಕಾಲಕ್ಕೆ ಅದೆಲ್ಲ ತರಿಸೋದು ಎಷ್ಟು ದುಬಾರಿ ಅಂತ ಯೋಚನೆ ಮಾಡು. ನೈಜೀರಿಯಾದಲ್ಲಿ ಆಗ ಪೆಟ್ರೋಲ್ ದುಡ್ಡು ಹರಿಯುತ್ತಿತ್ತು. 1977ರಲ್ಲೇ ಲೇಗೋಸ್‌ನಲ್ಲಿ ಫೆಸ್ಟ್ಯಾಕ್ ಅಂತ ಇಡೀ ಆಫ್ರಿಕಾದ ಕಲೆಯ ದೊಡ್ಡ ಉತ್ಸವ ಮಾಡಿದರು. ಇಎಂಐ, ಪಾಲಿಗ್ರಾಮ್ ಥರದ ದೊಡ್ಡ ಕಂಪನಿಗಳೆಲ್ಲ ಅಲ್ಲೇ ರೆಕಾರ್ಡ್ ಒತ್ತುತ್ತಿದ್ದವು. ಇವರು ಮಾತ್ರ ಲೇಗೋಸ್‌ಗೆ ಹೋಗದೆ ತಮ್ಮ ಎನುಗುವಿನಲ್ಲೇ ಕೂತರು.

1985ರ ನಂತರ ಪೂರ್ತಿ ನಿಲ್ಲಿಸಿದರು. ಕ್ರೈಸ್ತ ಭಕ್ತರಾದರು, ವ್ಯಾಪಾರ ನೋಡಿಕೊಂಡರು. ಹಳೇ ಹಾಡಿನ ಬಗ್ಗೆ ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ, ದೇವರ ಮಾತು ಇದ್ದರೆ ಆಡೋಣ ಅನ್ನೋ ಹಾಗೆ. 2013ರಲ್ಲಿ ಅಮೆರಿಕದ ಲುವಾಕಾ ಬಾಪ್ ಕಂಪನಿ ಅವರ ಹಾಡುಗಳ ಸಂಗ್ರಹ ತಂದಾಗ ಅದರ ಹೆಸರೇ "ವಿಲಿಯಂ ಒನ್ಯೆಯಬೋರ್ ಯಾರು" ಅಂತ ಇತ್ತು. ಪ್ರಪಂಚ ಕುಣಿಯಿತು, ಇವರು ಊರು ಬಿಟ್ಟು ಬರಲಿಲ್ಲ. ಬೇರೆ ಗಾಯಕರೆಲ್ಲ ಸೇರಿ ಅವರ ಹಾಡು ಹಾಡಿಕೊಂಡು ದೇಶ ದೇಶ ಸುತ್ತಿದರು. 2017ರಲ್ಲಿ ಎನುಗುವಿನಲ್ಲೇ ತೀರಿಕೊಂಡರು.

ಇದನ್ನು ಅಮೆರಿಕದ ಡಿಸ್ಕೊ ನಕಲು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಪಶ್ಚಿಮ ಆಫ್ರಿಕಾದ ಹೈಲೈಫ್ ಹಾಡು ಕೇಳು. ಗಿಟಾರ್ ಒಂದು ಚಿಕ್ಕ ಸಾಲು ಹಿಡಿದು ಬಿಡದೆ ಸುತ್ತುತ್ತದೆ, ಇನ್ನೊಂದು ಗಿಟಾರ್ ಅದರ ಸಂದಿಯಲ್ಲಿ ನುಗ್ಗುತ್ತದೆ. ಒನ್ಯೆಯಬೋರ್ ಕೀಬೋರ್ಡಿಗೆ ಮಾಡಿಸಿದ್ದು ಅದೇ ಕೆಲಸ. ಅವರು ಹೇಳೋದು, ಹೆಂಗಸರು ಉತ್ತರ ಕೊಡೋದು. ನಮ್ಮ ಭಜನೆಯಲ್ಲಿ ಒಬ್ಬರು ಎತ್ತಿದ್ದನ್ನು ಉಳಿದವರು ಹಿಡಿಯುತ್ತಾರಲ್ಲ, ಕಿವಿಗೆ ಹೊಸದೇನಲ್ಲ. ಮಧ್ಯದಲ್ಲಿ ಕತ್ತರಿಸಿ ಮೂವತ್ತು ಸೆಕೆಂಡ್ ಕೇಳಿದರೆ ಏನೂ ಸಿಗಲ್ಲ. ಆರನೇ ನಿಮಿಷಕ್ಕೆ ಒಂದು ಹೊಸ ಸಿಂಥ್ ಸಾಲು ಬಂದಾಗ ಮೈ ಝುಂ ಅನ್ನಬೇಕಾದರೆ, ಮೊದಲ ಐದು ನಿಮಿಷ ನೀನು ಅಲ್ಲೇ ಇರಬೇಕು.

ಸುರಪುರದವಳು:

ಮಾಮಾ ಕ್ಯಾಸೆಟ್ ವಿಷಯ ಹೇಳಿಬಿಟ್ಟರು, ನಾನು ಹಾಡಿನ ಕಡೆ ಸೇರಿಸುತ್ತೇನೆ. ಯಾದಗಿರಿಯಿಂದ ರಾಯಚೂರಿಗೆ ದಿನಾ ಟ್ರೈನ್, ಕಿವಿಯಲ್ಲಿ ಇವೇ.

ಅಣ್ಣಾ, ಫ್ರಾನ್ಸಿಸ್ ಬೆಬೆ ಕೇಳಿ. ಕ್ಯಾಮರೂನ್‌ನ ಡೌಆಲಾದಲ್ಲಿ 1929ರಲ್ಲಿ ಹುಟ್ಟಿದವರು. ಪತ್ರಕರ್ತ, ಕಾದಂಬರಿಕಾರ, ಪ್ಯಾರಿಸ್‌ನಲ್ಲಿ ಯುನೆಸ್ಕೊದ ಸಂಗೀತ ವಿಭಾಗದಲ್ಲಿ ಅಧಿಕಾರಿ. 1974ರಲ್ಲಿ ಆ ಕೆಲಸ ಬಿಟ್ಟು ಹಾಡಿಗೇ ನಿಂತರು. ಅಂಥ ನೌಕರಿ ಬಿಟ್ಟರೆ ನಮ್ಮ ಮನೆಯಲ್ಲಿ ಒಳಗೆ ಸೇರಿಸುತ್ತಿರಲಿಲ್ಲ! ಮನೆಯಲ್ಲೇ ಕೂತು ಕೀಬೋರ್ಡ್, ಡ್ರಮ್ ಮೆಷಿನ್ ಜೊತೆ ರೆಕಾರ್ಡ್ ಮಾಡಿದರು. ಕಾಡಿನ ಪಿಗ್ಮಿ ಜನರ ಒಂದು ಪುಟ್ಟ ಬಿದಿರ ಕೊಳಲು ಅವರ ಕೈಯಲ್ಲಿ ಸದಾ ಇರುತ್ತಿತ್ತು. ಆ ಕೊಳಲಿಗೆ ಒಂದೇ ಸ್ವರ. ಒಂದು ಸಲ ಊದುತ್ತಾರೆ, ಉಳಿದ ಸ್ವರ ಗಂಟಲಿನಿಂದ ಹಾಡುತ್ತಾರೆ, ಮತ್ತೆ ಊದುತ್ತಾರೆ. ಎಷ್ಟು ಬೇಗ ಅಂದರೆ ಎಲ್ಲಿ ಊದಿದ್ದು ಎಲ್ಲಿ ಹಾಡಿದ್ದು ತಿಳಿಯಲ್ಲ. ವಿಡಿಯೊ ಹುಡುಕಿ ನೋಡಿ, ತುಟಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. 1975ರಿಂದ 1982ರವರೆಗಿನ ಅವರ ಎಲೆಕ್ಟ್ರಾನಿಕ್ ಹಾಡುಗಳ ಸಂಗ್ರಹ ಫ್ರಾನ್ಸ್‌ನಲ್ಲಿ ಬಂದಿದೆ. ಕೆಲವು ಹಾಡು ಕೇಳಿ ನಗು ಬರುತ್ತದೆ, ನಗಲಿ ಅಂತಲೇ ಮಾಡಿದ್ದು.

ಆಮೇಲೆ ಇಥಿಯೋಪಿಯಾದ ಹೈಲು ಮರ್ಗಿಯಾ. ಆಡಿಸ್ ಅಬಾಬಾದ ಹಿಲ್ಟನ್ ಹೋಟೆಲ್‌ನಲ್ಲಿ ವಾಲಿಯಾಸ್ ಬ್ಯಾಂಡ್‌ನ ಕೀಬೋರ್ಡ್ ಅವರದು. ಅಲ್ಲಿ ಮಿಲಿಟರಿ ಆಡಳಿತ, ರಾತ್ರಿ ಕರ್ಫ್ಯೂ. ಹಾಗಾಗಿ ಬಂದವರು ಬೆಳಗಿನವರೆಗೂ ಒಳಗೇ ಇರಬೇಕಿತ್ತು, ಬ್ಯಾಂಡೂ ಬೆಳಗಿನವರೆಗೆ ಬಾರಿಸುತ್ತಿತ್ತು. 80ರ ದಶಕದ ಆರಂಭದಲ್ಲಿ ಅಮೆರಿಕ ಪ್ರವಾಸಕ್ಕೆ ಹೋದವರು ಅಲ್ಲೇ ಉಳಿದರು. 1985ರಲ್ಲಿ ಒಬ್ಬರೇ ಕೂತು ಒಂದು ಕ್ಯಾಸೆಟ್ ಮಾಡಿದರು: ಅಕಾರ್ಡಿಯನ್, ಮೂಗ್ ಮತ್ತು ಯಮಹಾ ಡಿಎಕ್ಸ್7 ಅನ್ನೋ ಸಿಂಥ್‌ಗಳು, ಡ್ರಮ್ ಮೆಷಿನ್. ಅಮ್ಮ, ಅಜ್ಜಿ ಕಾಲದ ಅಕಾರ್ಡಿಯನ್ ಹಾಡುಗಳಿಗೆ ಹೊಸ ಮೆಷಿನ್. ಆಮೇಲೆ ವಾಷಿಂಗ್ಟನ್‌ನಲ್ಲಿ ಎಷ್ಟೋ ವರ್ಷ ಟ್ಯಾಕ್ಸಿ ಓಡಿಸಿದರು. ಡಿಕ್ಕಿಯಲ್ಲಿ ಒಂದು ಕೀಬೋರ್ಡ್. ಡಲೆಸ್ ಏರ್‌ಪೋರ್ಟ್‌ನಲ್ಲಿ ಪಾಳಿ ಬರೋವರೆಗೂ ಹಿಂದಿನ ಸೀಟಿನಲ್ಲಿ ಕೂತು ಪ್ರಾಕ್ಟೀಸ್. 2013ರಲ್ಲಿ ಆ ಕ್ಯಾಸೆಟ್ ಮತ್ತೆ ಬಿಡುಗಡೆಯಾದ ಮೇಲೆ ಸ್ಟೇಜ್ ಹತ್ತಿದರು.

ಕುಣಿಯೋಕೆ ಅಲ್ಲ, ಸುಮ್ನೆ ಕೂತು ಕೇಳೋಕೆ ನೈಜರ್ ದೇಶದ ಮಮ್ಮಾನ್ ಸಾನಿ. ಬರೀ ಒಂದು ಇಟಲಿಯ ಆರ್ಗನ್. 1978ರ ಕ್ಯಾಸೆಟ್. ಅವರ ದೇಶದ ರೇಡಿಯೊದಲ್ಲಿ ಕಾರ್ಯಕ್ರಮಗಳ ನಡುವೆ ಹಾಕುತ್ತಿದ್ದ ಸಂಗೀತ ಅದು. ಕೇಳಿದರೆ ನನಗೆ ಕಲಬುರಗಿ ಆಕಾಶವಾಣಿ ನೆನಪಾಗುತ್ತದೆ, ಯಾಕೋ.

ಟೇಪ್‌ಮಾಮಾ_ಬೀದರ್:

ಮಗಳೇ, ಮರ್ಗಿಯಾ ಹೆಸರು ತೆಗೆದೆಯಲ್ಲ, ಶಹಬ್ಬಾಸ್. ನಮ್ಮ ಬೀದರಿನಲ್ಲಿ ಹಬ್ಶಿಕೋಟ್ ಅಂತ ಗುಡ್ಡ ಇದೆ. ಹಿಂದೆ ಇಥಿಯೋಪಿಯಾ ಕಡೆಯಿಂದ ಬಂದು ಇಲ್ಲಿ ಸರದಾರರಾದವರ ಗೋರಿಗಳು ಅಲ್ಲಿವೆ. ಸಂಜೆ ವಾಕಿಂಗ್ ಅತ್ತ ಹೋದರೆ ನಾನು ಹಾಕಿಕೊಳ್ಳೋದು ಮರ್ಗಿಯಾನೇ. ಇದಕ್ಕೆ ದೊಡ್ಡ ಅರ್ಥ ಏನಿಲ್ಲ, ಗಾಳಿ ಚೆನ್ನಾಗಿರುತ್ತದೆ.

ಸೇಡಂ_ರೋಡ್:

ಒಂದು ತಕರಾರು. ಇವನ್ನೆಲ್ಲ ಕಳೆದುಹೋದ ಸಂಗೀತ, ನಾವು ಹುಡುಕಿ ತಂದೆವು ಅಂತ ಪರದೇಶದ ಕಂಪನಿಗಳು ಮಾರುತ್ತವೆ. ಯಾರ ಪಾಲಿಗೆ ಕಳೆದಿತ್ತು? ಎನುಗುವಿನವರಿಗೆ ಗೊತ್ತಿತ್ತು. ಕಾಕಾನಿಗೂ ಗೊತ್ತಿತ್ತು, ಪೇಪರ್ ಓದುತ್ತಾ ಹೇಳಿದರಲ್ಲ. ನಮ್ಮವರದೂ ಇದೇ ಕಥೆ. ಚರಣ್‌ಜಿತ್ ಸಿಂಗ್ ಬಾಂಬೆ ಸಿನಿಮಾ ಹಾಡುಗಳಿಗೆ ಬಾರಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಇಲ್ಲಿ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಒಬ್ಬ ಡಚ್ ಸಂಗ್ರಾಹಕ ಮತ್ತೆ ತಂದಮೇಲೆ ಆಹಾ ಓಹೋ. ದುಡ್ಡು ಹಾಡಿದವರಿಗೆ ಹೋಗುತ್ತದಾ ಅನ್ನೋದು ನನ್ನ ಪ್ರಶ್ನೆ.

ಟೇಪ್‌ಮಾಮಾ_ಬೀದರ್:

ತಕರಾರು ಸರಿಯಾಗಿಯೇ ಇದೆ. ಆದರೆ ಎಲ್ಲರನ್ನೂ ಒಂದೇ ಗಾಣಕ್ಕೆ ಕಟ್ಟಬೇಡಿ. ಘಾನಾದ ಅಟಾ ಕಾಕ್ ವಿಷಯ ಕೇಳಿ. 1994ರಲ್ಲಿ ಕೆನಡಾದಲ್ಲಿದ್ದಾಗ ಒಂದು ಕ್ಯಾಸೆಟ್ ಮಾಡಿದರು, ಹೆಸರು "ಒಬಾ ಸಿಮಾ". ಟ್ವಿ ಭಾಷೆಯಲ್ಲಿ ರ‍್ಯಾಪ್, ಹಿಂದೆ ಓಡುವ ಕೀಬೋರ್ಡ್. ಮಾರಾಟ ಆಗಲಿಲ್ಲ ಅಂದರೂ ಸರಿ. 2002ರಲ್ಲಿ ಬ್ರಯಾನ್ ಶಿಮ್ಕೊವಿಟ್ಜ್ ಅನ್ನೋ ಅಮೆರಿಕದ ಹುಡುಗ ಘಾನಾದ ಕೇಪ್ ಕೋಸ್ಟ್‌ನ ರಸ್ತೆ ಬದಿ ಆ ಕ್ಯಾಸೆಟ್ ಕೊಂಡ. 2006ರಲ್ಲಿ ಇಂಟರ್‌ನೆಟ್‌ಗೆ ಹಾಕಿದ. ಹಾಡು ಲೋಕವೆಲ್ಲ ಸುತ್ತಿತು, ಹಾಡಿದವರ ಸುಳಿವೇ ಇಲ್ಲ. ಆತ ವರ್ಷಗಟ್ಟಲೆ ಹುಡುಕಿ ಕೊನೆಗೆ ಘಾನಾದಲ್ಲೇ ಭೇಟಿಯಾದ. 2015ರಲ್ಲಿ ಮರುಬಿಡುಗಡೆ. ಅವನ ಕಂಪನಿ ಲಾಭದಲ್ಲಿ ಅರ್ಧ ಕಲಾವಿದರಿಗೆ ಕೊಡುತ್ತದೆ. ಮರ್ಗಿಯಾ ಕ್ಯಾಸೆಟ್ ತಂದವನೂ ಅವನೇ.

ನನ್ನಂಥವನಿಗೆ ಇದರಲ್ಲಿ ಮುಖ್ಯವಾದ ಮಾತು ಬೇರೆ. ಅಟಾ ಕಾಕ್ ಬಳಿ ಇದ್ದ ಮೂಲ ಮಾಸ್ಟರ್ ಡಿಜಿಟಲ್ ಟೇಪ್ ಕೆಟ್ಟು ಹೋಗಿತ್ತು. ಕೊನೆಗೆ ಮರುಬಿಡುಗಡೆ ಮಾಡಿದ್ದು ಆ ಹುಡುಗ ರಸ್ತೆ ಬದಿ ಕೊಂಡ ಕ್ಯಾಸೆಟ್‌ನಿಂದ! ಕಂಪನಿಯ ಗೋಡೌನ್ ನಂಬಬೇಡಿ. ಹಾಡು ಉಳಿಯೋದು ಯಾರದೋ ಬಿಸ್ಕತ್ ಡಬ್ಬಿಯಲ್ಲಿ. ನನ್ನ ಅಂಗಡಿ ಮುಚ್ಚಿದಾಗ ಇಲ್ಲಿಯ ಆರ್ಕೆಸ್ಟ್ರಾದವರ ಮಾಸ್ಟರ್‌ಗಳು ನನ್ನ ಹತ್ತಿರ ಇದ್ದವು. ಕ್ಯಾಸಿಯೊ, ಆಕ್ಟೋಪ್ಯಾಡ್, ಬ್ಯಾಂಜೊ ಎಲ್ಲ ಸೇರಿಸಿ ಬಾರಿಸಿದ್ದು. ಯಾರೂ ಕೇಳಲು ಬರಲಿಲ್ಲ, ನಾನೂ ಎಸೆಯಲಿಲ್ಲ.

ಸುರಪುರದವಳು:

ಮಾಮಾ, ಅವನ್ನು ಮೊದಲು ಕಂಪ್ಯೂಟರ್‌ಗೆ ಹಾಕಿ. ಆಫ್ರಿಕಾ ಎಲ್ಲಿಗೂ ಓಡಿ ಹೋಗಲ್ಲ.

ಸೌಂಡ್‌ಸರ್ವಿಸ್ ಅಣ್ಣಾ, ಮದುವೆಗೆ ದಕ್ಷಿಣ ಆಫ್ರಿಕಾ ಕಡೆ ನೋಡಿ. 80ರ ದಶಕದಲ್ಲಿ ಅಲ್ಲಿ ಬಬಲ್‌ಗಮ್ ಅಂತ ಒಂದು ಬಗೆ ಜೋರಾಗಿತ್ತು. ಸಿಂಥ್, ಡ್ರಮ್ ಮೆಷಿನ್, ಎಲ್ಲರೂ ಹಿಡಿದು ಹಾಡುವಂಥ ಕೋರಸ್. ಬ್ರೆಂಡಾ ಫಾಸಿಯ "ವೀಕೆಂಡ್ ಸ್ಪೆಷಲ್" 1983ರದು. ಇವೊನ್ ಚಾಕಾ ಚಾಕಾ ಹಾಡಿದ "ಉಮ್ಕೊಂಬೋತಿ" ಕೇಳಿ, ಅದು ಮನೆಯಲ್ಲಿ ಮಾಡುವ ಹೆಂಡದ ಮೇಲಿನ ಹಾಡು. ಆ ಹೆಂಡ ಮಾಡೋದು ಗೋವಿನಜೋಳ ಮತ್ತು ನಮ್ಮದೇ ಬಿಳಿಜೋಳದ ಜಾತಿಯ ಮೊಳಕೆ ಕಾಳಿನಿಂದ. ನೈಜೀರಿಯಾದ್ದೇ ಬೇಕು ಅಂದರೆ ಸ್ಟೀವ್ ಮೊನೈಟ್ ಅವರ "ಓನ್ಲಿ ಯೂ", 1984. ಜೋಡಿ ಸ್ಟೇಜ್ ಮೇಲೆ ಬರುವಾಗ ಹಾಕಬಹುದು, ಮೆತ್ತಗಿದೆ.

ಸೌಂಡ್‌ಸರ್ವಿಸ್_ಕಲಬುರಗಿ:

ಎಲ್ಲರಿಗೂ ಥ್ಯಾಂಕ್ಸ್. ಅಫಜಲಪುರದ ಒಂದು ರಿಸೆಪ್ಷನ್‌ನಲ್ಲಿ ಟ್ರೈ ಮಾಡಿದೆ. "ಫೆಂಟಾಸ್ಟಿಕ್ ಮ್ಯಾನ್"ಗೆ ದೊಡ್ಡವರು ಯಾರೂ ಏಳಲಿಲ್ಲ. ಸಣ್ಣ ಮಕ್ಕಳು ಮಾತ್ರ ಸ್ಟೇಜ್ ಮುಂದೆ ಬಂದು ಹಾಡು ಮುಗಿಯೋವರೆಗೂ ಬಿಡದೆ ಕುಣಿದರು. "ಉಮ್ಕೊಂಬೋತಿ" ಹಾಕಿ, ಮೈಕ್‌ನಲ್ಲಿ ಇದು ಜೋಳದ ಹೆಂಡದ ಹಾಡು ಅಂತ ಹೇಳಿದ್ದೇ ತಡ, ಗಂಡಿನ ಕಡೆಯ ಮಾವಂದಿರು ಟವೆಲ್ ಬೀಸುತ್ತಾ ಎದ್ದರು. ಎರಡು ಸಲ ಹಾಕಿಸಿದರು. ಹೆಣ್ಣಿನ ತಂದೆ ಮಾತ್ರ ನನ್ನನ್ನು ಕೆಕ್ಕರಿಸಿ ನೋಡಿದರು, ಪೇಮೆಂಟ್ ಇನ್ನೂ ಬಂದಿಲ್ಲ.

ಕ್ಯಾಸೆಟ್ ಎರಡು ಬಿಚ್ಚಿದೆ ಮಾಮಾ, ನೀವು ಹೇಳಿದ ಹಾಗೇ ಮಲಗಿಸಿ. ಫೆಲ್ಟ್ ತುಂಡು ಮೂಲೆಯಲ್ಲಿ ಸಿಕ್ಕಿತು. ಈಗ ದನಿ ಸ್ಪಷ್ಟ ಇದೆ. ಕಾಕಾನಿಗೆ ಕೇಳಿಸಿದೆ. ತಮ್ಮ ಮಾತು ಬಿಟ್ಟು ಹಿಂದಿನ ಹಾಡು ಜಾಸ್ತಿ ಮಾಡು ಅಂದರು! ಆ ಪಕ್ಕದ ಮನೆಯವರು ಭಾನುವಾರ ಪೂರ್ತಿ ಹಾಡು ಹಾಕುತ್ತಿದ್ದರಂತೆ, ಇವರಿಗೆ ಪೇಪರ್ ತಿದ್ದಲು ಆಗುತ್ತಿರಲಿಲ್ಲವಂತೆ.

ಒಂದೇ ತೊಂದರೆ. ಕಾಕಾ ಮಾತಾಡಿದ ಇನ್ನೊಂದು ಕ್ಯಾಸೆಟ್‌ಗೆ ಸ್ಕ್ರೂ ಇಲ್ಲ, ಪೂರ್ತಿ ಅಂಟಿಸಿದ್ದಾರೆ. ಏನು ಮಾಡಲಿ?

ಟೇಪ್‌ಮಾಮಾ_ಬೀದರ್:

ನೀನು ಮುಟ್ಟಬೇಡ. ಜೋಡಣೆಯ ಸುತ್ತ ಬ್ಲೇಡ್ ಹಾಕಿ ಸೀಳಬೇಕು, ಕೈ ಜಾರಿದರೆ ಟೇಪೇ ತುಂಡಾಗುತ್ತದೆ. ಕೊರಿಯರ್ ಕೂಡ ಬೇಡ. ಬೀದರ್ ಕಡೆ ಯಾವುದಾದರೂ ಮದುವೆ ಆರ್ಡರ್ ಬಂದಾಗ ಜೊತೆಗೆ ತಾ. ಕವರ್ ಮತ್ತು ಒಳಗಿನ ಚೀಟಿ ಸಮೇತ ತಾ, ಕಾಕಾ ತಾರೀಖು ಬರೆದಿದ್ದರೆ ಅದೂ ಬೇಕು. ಆ "ಉಮ್ಕೊಂಬೋತಿ"ಯನ್ನು ನನಗೂ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಾ.